ಧಾರೆ ಸೀರೆಯಲ್ಲಿ ಒಂದು ನೀಲಿ ಗೆರೆ

ಗೂಡು ಬೇಯುವ ವಾಸನೆ, ಅದು ಈಗ ಎಲ್ಲಿಂದ ಬಂತು, ನಮ್ಮ ಬೀದಿಯಲ್ಲಿ ನೂಲು ತೆಗೆಯುವ ಒಲೆ ಆರಿ ಎಷ್ಟೋ ವರ್ಷವಾಯಿತು, ಆದರೂ ಮೋಡ ಕವಿದ ಮಧ್ಯಾಹ್ನ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತರೆ ಸಾಕು, ಮೂಗಿಗೆ ಅದೇ, ಕುದಿನೀರು, ಬೆಂದ ಹುಳು, ಹಸಿ ಸೌದೆಯ ಹೊಗೆ, ಎಲ್ಲ ಕಲಸಿದ ವಾಸನೆ, ಹೊರಗಿನವರು ಮೂಗು ಮುಚ್ಚುತ್ತಿದ್ದರು, ನನಗೆ ಮಾತ್ರ ಹಸಿವಾಗುತ್ತಿತ್ತು, ಯಾಕೆಂದರೆ ಆ ವಾಸನೆ ಏಳುವ ಹೊತ್ತಿಗೇ ಅಮ್ಮ ರೊಟ್ಟಿ ತಟ್ಟುತ್ತಿದ್ದಳು — ಮೈಸೂರಿನಲ್ಲಿ ಕಾಲೇಜು ಸೇರಿದ ಮೊದಲ ವಾರ ಹಾಸ್ಟೆಲಿನ ಹುಡುಗಿಯೊಬ್ಬಳು ನನ್ನ ಪೆಟ್ಟಿಗೆ ತೆರೆದು ಏನೇ ಇದು, ನಿನ್ನ ಬಟ್ಟೆಯೆಲ್ಲ ನಾತ ಅಂದಳು, ನಾತ ಅಲ್ಲ ಕಣೇ, ಅದು ನನ್ನ ಫೀಸು ಅಂದೆ, ಅವಳಿಗೆ ಅರ್ಥವಾಗಲಿಲ್ಲ, ಆದರೂ ಆ ರಾತ್ರಿ ಅವಳೇ ನನ್ನ ಪೆಟ್ಟಿಗೆಯಲ್ಲಿ ಒಂದು ಹಿಡಿ ಸಂಪಿಗೆ ಇಟ್ಟಿದ್ದಳು. ಈಗ ಮಗಳು ರತ್ನನ ಫೀಸು. ಲಾಳಿ ಎಸೆ, ಹಣಿಗೆ ಬಡಿ, ಮೆಟ್ಟು ಒತ್ತು. ಸೆರಗು ಇನ್ನೊಂದು ಗೇಣು ಉಳಿದಿದೆ, ಅಷ್ಟಾದರೆ ಸೀರೆ ಮುಗಿಯಿತು, ಜಗುಲಿಯ ಮೇಲೆ ಹನೂರಿನ ದೊಡ್ಡಮಾದಪ್ಪ ಬೆಳಗ್ಗೆಯಿಂದ ಕಾದು ಕೂತಿದ್ದಾನೆ, ಭಾನುವಾರ ಅವನ ಮಗಳ ಧಾರೆ, ಅವನು ಸೀರೆ ಹಿಡಿದು ಸಂಜೆಯ ಬಸ್ಸು ಹತ್ತುತ್ತಾನೆ, ನಾನು ಅವನು ಕೊಟ್ಟ ದುಡ್ಡು ಹಿಡಿದು ನಾಳೆ ಮುಂಜಾನೆಯ ಮೈಸೂರು ಬಸ್ಸು ಹತ್ತುತ್ತೇನೆ, ನಾಳೆ ಶನಿವಾರ, ಬ್ಯಾಂಕು ಅರ್ಧ ದಿನ, ಹೊರದೇಶಕ್ಕೆ ಹಣ ಕಳಿಸಲು ಮದ್ರಾಸಿನಿಂದ ಬಂದ ಅನುಮತಿಗೆ ಅಂದೇ ಕೊನೆಯ ದಿನ ಕೂಡ, ಅಂದು ಹಣ ಲಂಡನ್ನಿನ ದಾರಿ ಹಿಡಿಯದಿದ್ದರೆ ಹೊಸದಾಗಿ ಅರ್ಜಿ, ಹೊಸದಾಗಿ ಮದ್ರಾಸು, ಅಷ್ಟರಲ್ಲಿ ಅಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ಅವಳ ಪರೀಕ್ಷೆಯ ಬಾಗಿಲು ಮುಚ್ಚಿರುತ್ತದೆ, ರತ್ನ ಹಡಗು ಹತ್ತಿ ವಾಪಸು ಬರುತ್ತಾಳೆ, ಬರಲಿ ಅನ್ನಬಹುದಿತ್ತು, ತಾಯಿಯಲ್ಲವೆ, ಅನ್ನುವುದಿಲ್ಲ.

ಇಷ್ಟು ತಡವಾದದ್ದಕ್ಕೆ ತಪ್ಪು ಯಾರದೂ ಅಲ್ಲ, ಗಡಿಯದು. ನಾನು ಕೊಳ್ಳೇಗಾಲದವಳು, ಅಂದರೆ ಕೊಯಮತ್ತೂರು ಜಿಲ್ಲೆ, ಮದ್ರಾಸು ರಾಜ್ಯ, ನನ್ನ ಯಜಮಾನರು ಎಳಂದೂರಿನವರು, ಅಂದರೆ ಮೈಸೂರು, ಗಾಡಿ ಕಟ್ಟಿದರೆ ಬೆಳಗಿನ ತಿಂಡಿ ಇಲ್ಲಿ, ಊಟ ಅಲ್ಲಿ, ಆದರೆ ರತ್ನನ ಕಾಗದಗಳು ಆ ಹಾದಿ ಸವೆಸುವುದಕ್ಕೆ ಒಂದು ಮಳೆಗಾಲ ತೆಗೆದುಕೊಂಡವು, ಅಮ್ಮಾ ನೀವು ಮೊದ್ಲು ಯಾವ ರಾಜ್ಯದೋರು ಅಂತ ನೀವೇ ತೀರ್ಮಾನ ಮಾಡ್ಕೊಂಡ್ ಬನ್ನಿ ಅಂತ ಕಚೇರಿಯ ಗುಮಾಸ್ತ ನಕ್ಕ, ನಗುತ್ತಲೇ ಎದ್ದು ಹೋಗಿ ಎಲ್ಲವನ್ನೂ ಮತ್ತೊಮ್ಮೆ ತಾನೇ ಟೈಪು ಮಾಡಿಕೊಟ್ಟ, ಕುರ್ಚಿ ನನ್ನ ಕಡೆ ತಳ್ಳಿದ, ತಾನು ನಿಂತೇ ಇದ್ದ, ಅವನ ಹೆಸರು ಕೇಳಲಿಲ್ಲವಲ್ಲ, ಕೇಳಬೇಕಿತ್ತು. ಎದುರಿಗೆ ದೇವಣ್ಣ ಕೆಮ್ಮುತ್ತಾನೆ. ಮೂರು ಲಾಳಿಯ ಸೀರೆ ಒಬ್ಬರ ಕೈಯಲ್ಲಿ ಆಗುವುದಲ್ಲ, ಆ ಬದಿಯ ಅಂಚಿನ ಲಾಳಿಯನ್ನು ತಿರುಗಿ ಎಸೆಯಲು ಇನ್ನೊಬ್ಬರು ಬೇಕು, ಅಪ್ಪನ ಕಾಲದಲ್ಲಿ ಇದೇ ಮಗ್ಗದಲ್ಲಿ ಕಲಿತ ದೇವಣ್ಣ, ಈಗ ಕಣ್ಣಿಗೆ ಪೊರೆ, ತನ್ನ ಮಗ್ಗವನ್ನು ಮಗನಿಗೆ ಬಿಟ್ಟಿದ್ದಾನೆ, ನಾನು ಶಾಲೆಯಿಂದ ನಿವೃತ್ತಳಾಗಿ ಈ ಕುಣಿಗೆ ಇಳಿದ ದಿನ ಬೀದಿಯೆಲ್ಲ ನಗುತ್ತಿತ್ತು, ಬೀಯೇ ಓದಿದ್ ಮೇಡಮ್ಮೋರು ಕೊನೆಗೆ ಕುಣಿಗೇ ಬಂದ್ರು ಕಣ್ಲಾ, ಗಂಡಸ್ರು ಕೂರೋ ಜಾಗ, ಹೆಂಗಸ್ರಿಗೆ ರಾಟೆ ಸಾಕು ಅಂತ, ದೇವಣ್ಣ ಮಾತ್ರ ಮಾರನೆಯ ದಿನ ಚಾಪೆ ಮಡಿಸಿಕೊಂಡು ಬಂದು ಎದುರು ಬದಿಯಲ್ಲಿ ಕೂತ, ಏನು ದೇವಣ್ಣ ಅಂದರೆ, ಮನೇಲಿ ಇವಳ ಬಾಯಿ ತಡೆಯಕ್ಕಾಯಕಿಲ್ಲ ಅನ್ಸೂಯಕ್ಕ, ಇಲ್ಲಾದ್ರೆ ಮಗ್ಗದ್ ಸದ್ದಲ್ಲಿ ಕೇಳಕಿಲ್ಲ ಅಂದ, ಹಿಂದೆಯೇ ಬಂದಿದ್ದ ಅವನ ಹೆಂಡತಿ ಚಿಕ್ಕತಾಯಮ್ಮ, ನಿಮ್ ಕಿವೀನೂ ಓಗದೆ ಕಣ್ಣಂಗೇ, ಸುಮ್ಕಿರಿ ಅಂತ ಕೂಗಿದಳು, ಆಮೇಲೆ ಇಬ್ಬರೂ ದಿನವೂ ಬರುತ್ತಾರೆ, ಅವಳು ಕಂಡಿಕೆ ಸುತ್ತಿ ಕೊಡುತ್ತಾಳೆ, ಲಾಳಿಯ ಹೊಟ್ಟೆಗೆ ತುಂಬುವ ಆ ಪುಟ್ಟ ನೂಲಿನ ಸುರುಳಿಯನ್ನು, ಮಗ್ಗದುದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲಿಂದ ಕೈ ಚಾಚಿ, ಚಾಚುವ ಮುಂಚೆ ಬಳೆಗಳನ್ನು ಮೊಳಕೈವರೆಗೆ ಸರಿಸಿ, ಒಂದು ಬಳೆ ಒಂದು ಎಳೆಗೂ ತಗುಲದ ಹಾಗೆ, ಅಮ್ಮನೂ ಹೀಗೆಯೇ, ಅದೇ ಕೈ ಅನ್ನಿಸುತ್ತದೆ, ಅಪ್ಪನಿಗೆ ಕಂಡಿಕೆ ಕೊಡುವಾಗ ಬಳೆಯನ್ನು ಮೇಲೆ ದೂಡಿದ ಆ ಕೈ, ಕೆಳಗೆ ಕೆಂಪು ಹಾಸು ನೀರಿನ ಹಾಗೆ.

ನೀರು ಅಂದರೆ ರತ್ನನ ಕೈ, ಮಣಿಕಟ್ಟಿನವರೆಗೆ ನೀಲಿ. ಹೋಗುವ ಮುಂಚೆ ಹಿತ್ತಲಿನಲ್ಲಿ ತಾಮ್ರದ ಹಂಡೆಯಿಟ್ಟು ಒಂದು ಲಡಿ ರೇಷ್ಮೆಯನ್ನು ಕಡುನೀಲಿ ಅದ್ದಿದಳು, ನೋಡಮ್ಮ ಬಿಸಿಲಲ್ಲಿ ಎಷ್ಟು ದಿನ ಹಾಕಿದರೂ ಮಾಸೋಲ್ಲ, ತಾತನ ಕೆಂಪು ಇದ್ದ ಹಾಗಲ್ಲ ಅಂದಳು, ಅಪ್ಪನ ಕೊನೆಕಾಲದಲ್ಲಿ ಪುಡಿ ಬಣ್ಣ ನಂಬಿ ನೇಯ್ದ ಧಾರೆ ಸೀರೆಯೊಂದು ಮಳೆಯಲ್ಲಿ ನೆನೆದು ಮದುಮಗಳ ಮೈಯೆಲ್ಲ ಕೆಂಪಾಗಿ, ಆ ಮನೆಯವರು ಸೀರೆಯನ್ನು ನಮ್ಮ ಜಗುಲಿಯ ಮೇಲೆ ಎಸೆದು ಹೋದರು, ಅಪ್ಪ ಅದನ್ನು ಮಡಿಸಿ ಎದೆಗೊತ್ತಿಕೊಂಡು ಕೂತಿದ್ದನ್ನು ಪುಟ್ಟ ರತ್ನ ಕಂಬದ ಮರೆಯಿಂದ ನೋಡಿದ್ದಳು, ಅದಕ್ಕೇ ಅವಳಿಗೆ ಬಣ್ಣದ ಶಾಸ್ತ್ರದ ಓದು, ಅದಕ್ಕೇ ಆ ಚಳಿಯ ಊರು, ಅಲ್ಲಿ ಮನೆಯೊಡತಿ ರಾತ್ರಿ ತಡವಾದರೆ ಮೆಟ್ಟಿಲ ಮೇಲೆ ಒಂದು ತಟ್ಟೆ ಊಟ ಇಟ್ಟು ಮೇಲೊಂದು ತಟ್ಟೆ ಮುಚ್ಚಿರುತ್ತಾಳಂತೆ, ಮಾರನೆಯ ದಿನ ಅದರ ಮಾತೇ ಎತ್ತುವುದಿಲ್ಲವಂತೆ, ಆ ಹೆಂಗಸಿಗೆ ಒಂದು ಸೀರೆ ಕಳಿಸಬೇಕು, ಉಡಲು ಬರದು, ಕಿಟಕಿಗಾದರೂ ಕಟ್ಟಿಕೊಳ್ಳಲಿ. ಆ ನೀಲಿಯಲ್ಲಿ ಸುತ್ತಿದ ಒಂದು ಕಂಡಿಕೆ ನನ್ನ ಡಬ್ಬಿಯಲ್ಲಿದೆ, ನೇಯಲು ಅಲ್ಲ, ಸುಮ್ಮನೆ, ಆಗಾಗ ಬೆರಳಿಗೆ ತಗುಲಲಿ ಅಂತ, ಹಸಿರು, ಅರಿಶಿನ, ಜರಿ, ಅವುಗಳ ಜೊತೆ — ದೇವಣ್ಣ ಹಣಿಗೆ ಹಿಡಿದು ನಿಲ್ಲಿಸಿದ್ದಾನೆ, ಬಟ್ಟೆಗೆ ಮೂಗು ತಗುಲುವಷ್ಟು ಬಗ್ಗಿದ್ದಾನೆ. ಅನ್ಸೂಯಕ್ಕ, ಇದೇನ ಇಲ್ಲಿ ಕರೀ ಗೆರೆ. ಯಾವ ಕರಿ ದೇವಣ್ಣ, ಗಿಣಿಹಸಿರು ಅದು. ನಂಗೆ ಪೊರೆ ಬಂದದೆ, ನಿಮ್ಗೇನ್ ಬಂದದೆ, ನೋಡಿ ಅಂದ. ನೋಡಿದೆ.

ಕರಿಯಲ್ಲ, ನೀಲಿ, ರತ್ನನ ನೀಲಿ, ಆದರೆ ಈ ಮೋಡದಲ್ಲಿ ಯಾರು ಅದನ್ನು ನೀಲಿ ಅನ್ನುತ್ತಾರೆ, ಧಾರೆ ಸೀರೆಯ ಸೆರಗಿನಲ್ಲಿ ಅಡ್ಡಕ್ಕೆ ಒಂದು ಕರೀ ಗೆರೆ, ಅದರ ಮೇಲೆ ಆಗಲೇ ನಾಲ್ಕು ಬೆರಳಗಲ ಜರಿ ನೇಯ್ದಾಗಿದೆ, ಕೈ ಡಬ್ಬಿಗೆ ಹೋದದ್ದು ಹಸಿರಿಗೆ, ಬೆರಳು ಹಿಡಿದದ್ದು ತನಗೆ ರೂಢಿಯಾದದ್ದನ್ನು, ಕಣ್ಣು ನೋಡಲೇ ಇಲ್ಲ, ಮನಸ್ಸು ಲೀಡ್ಸಿನ ಮೆಟ್ಟಿಲ ಮೇಲಿತ್ತು. ದೇವಣ್ಣ ಜಗುಲಿಯ ಕಡೆ ಕತ್ತು ಹೊರಳಿಸಿ ಗಂಟಲು ತಗ್ಗಿಸಿದ, ಮಡಿಕೆ ಒಳಕ್ಕೆ ಆಯ್ತದೆ ಬುಡಕ್ಕ, ಮೇಲೆ ಜರಿ ಮಿಂಚ್ತದೆ, ಧಾರೆ ಎರೆಯೋವಾಗ ಯಾರು ಸೆರಗು ಬಿಚ್ಚಿ ನೋಡಾರು, ಬಿಚ್ಚಕ್ಕೆ ಕೂತ್ರೆ ರಾತ್ರಿ ಆಯ್ತದೆ, ಬಸ್ಸೋಯ್ತದೆ, ಗಿರಾಕೀನೂ ಓಯ್ತಾನೆ, ಆಮೇಲೆ ಮಗೀಗೆ ಏನ್ ಕಳಿಸೀರಿ. ಹೌದು, ಏನು ಕಳಿಸಲಿ. ಒಂದು ಮಡಿಕೆ, ಅಷ್ಟೇ, ಮಡಿಸಿ ಕಾಗದದಲ್ಲಿ ಸುತ್ತಿ ಕೊಟ್ಟರೆ ದುಡ್ಡು ಕೈಯಲ್ಲಿ — ಅಪ್ಪ ಎದೆಗೊತ್ತಿಕೊಂಡಿದ್ದ ಆ ಸೀರೆ, ಕಂಬದ ಮರೆಯ ಆ ಎರಡು ಕಣ್ಣು, ಇಲ್ಲ, ಆ ಕಣ್ಣು ಓದುವುದಕ್ಕೆ ಈ ದುಡ್ಡೇ, ಇಲ್ಲ. ದೊಡ್ಡಮಾದಪ್ಪ, ಇಲ್ಲಿ ಬನ್ನಿ ಅಂತ ನಾನೇ ಕೂಗಿದೆ. ಬಂದ, ಮಗ್ಗದ ಆಚೆ ನಿಂತ, ತೋರಿಸಿದೆ, ನನ್ನ ತಪ್ಪು, ಬಿಚ್ಚಿ ಮತ್ತೆ ನೇಯಬೇಕು, ಸಂಜೆಯ ಬಸ್ಸಿಗೆ ಆಗುವುದಿಲ್ಲ, ನಾಳೆ ಬೆಳಗ್ಗೆ ಆಗುತ್ತದೆ ಅಂದೆ. ಅವನು ರುಮಾಲು ತೆಗೆದು ಹಾಕಿಕೊಂಡ, ತೆಗೆದು ಹಾಕಿಕೊಂಡ. ಧಾರೆ ಸೀರೇಲಿ ಕರೀದು ಅಂದ್ರೆ ನಮ್ಮ ಮನೇ ಮುದುಕೀರು ಚಪ್ರದಿಂದ ಎದ್ದೇ ಓಯ್ತಾರೆ ಕಣವ್ವ ಅಂದ, ಯಾರ್ಗವ್ವ ಈ ಸೀರೆ ದುಡ್ಡು, ಕಾಗ್ದ ಬರೀತಿದ್ರಲ್ಲ ಓದ್ಸಲ ಬಂದಾಗ, ಸೀಮೇಲವ್ಳಲ್ಲ ಮಗ್ಳು, ಅವಳ್ಗಾ ಅಂದ. ಅವಳಿಗೇ ಅಂದೆ. ಅಷ್ಟು ದೂರ ಎಂಗೋಯ್ತದವ್ವ ದುಡ್ಡು, ಹಡಗಲ್ಲಾ ಅಂದ, ಕಾಗದದ ಮೇಲೆ ಹೋಗುತ್ತದೆ ಅಂದೆ, ಕಾಗ್ದ ನೆನೆಯಕಿಲ್ವಾ ಅಂದ, ನಗಬೇಕೋ ಬೇಡವೋ ತಿಳಿಯಲಿಲ್ಲ. ಚೀಲ ತಕ್ಕೊಂಡ, ಛತ್ರಿ ತಕ್ಕೊಂಡ, ಚಪ್ಪಲಿ ಸದ್ದು ಮೆಟ್ಟಿಲಿಳಿದು ಬಜಾರಿನ ಕಡೆ ಹೋಯಿತು. ಮುಗೀತು, ಅಂಗಡೀಲಿ ಕಟ್ಟಿಟ್ಟಿರೋ ಸೀರೆ ತಕಂಡ್ ಓಯ್ತಾನೆ ಅಂದ ದೇವಣ್ಣ. ಹೋಗಲಿ, ನಾನು ಬಿಚ್ಚುತ್ತೇನೆ. ಇವನಲ್ಲದಿದ್ದರೆ ಬಜಾರು, ನಾಳೆ ಬೆಳಗ್ಗೆ ಬಾಗಿಲು ತೆರೆಯುವ ಮೊದಲ ಅಂಗಡಿಯ ಮುಂದೆ ನಾನೇ ನಿಂತಿರುತ್ತೇನೆ, ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತೇನೆ, ಮುಂಜಾನೆಯ ಬಸ್ಸು ತಪ್ಪಿದರೆ ಅದರ ಹಿಂದಿನದು, ಬ್ಯಾಂಕು ಮುಚ್ಚುವ ಮುಂಚೆ ಮೈಸೂರು ಸೇರಿದರೆ ಸಾಕು, ಸಾಲದಿದ್ದರೆ ಕಿವಿಯ ಓಲೆ ಇದೆ, ಸೀರೆಯಂತೂ ಸರಿಯಾಗಿರಲಿ.

ನೇಯುವುದಕ್ಕಿಂತ ಬಿಚ್ಚುವುದು ನಿಧಾನ, ಮೆಟ್ಟು ಒತ್ತಿ ಹಾಸು ಬಾಯಿ ತೆರೆದಾಗ ಒಂದು ಎಳೆ ಎಳೆ, ಇನ್ನೊಂದು ಮೆಟ್ಟು, ಇನ್ನೊಂದು ಎಳೆ, ಜರಿ ತುಂಡಾಗಬಾರದು, ಹಾಸು ಹರಿಯಬಾರದು, ಕಾಲು ಹಿಂದು ಹಿಂದಕ್ಕೆ ನಡೆಯುವ ಹಾಗೆ, ಇಂದಿನಿಂದ ನಿನ್ನೆಗೆ, ರತ್ನ ಹಡಗಿನಿಂದ ಬಂದರಿಗೆ, ಬಂದರಿನಿಂದ ಹಿತ್ತಲಿಗೆ, ಹಂಡೆಗೆ, ದೇವಣ್ಣನ ಕೈ ಆ ಬದಿಯ ಅಂಚನ್ನು ತಡಕಿ ತಡಕಿ ಬಿಚ್ಚುತ್ತದೆ, ಕಣ್ಣಿಲ್ಲದವನ ಬೆರಳು ನನಗಿಂತ ಮೆತ್ತಗೆ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿಲ್ಲ. ಎದ್ದು ಉಣ್ಣಿ ಅಕ್ಕ ಅನ್ನುತ್ತಾಳೆ ಚಿಕ್ಕತಾಯಮ್ಮ, ಎದ್ದರೆ ಬೆಳಕು ಹೋಗುತ್ತದೆ ಅಂದೆ, ಹಾಗಾದ್ರೆ ಉಪಾಸ ಇರಿ, ಕುಣಿಯೊಳಗೆ ಬಾಯಾಡ್ಸಕ್ ಮಾತ್ರ ನಾ ಬುಡಕಿಲ್ಲ, ನಮ್ ದೇವ್ರು ಚೌಡವ್ವ ಕೂತವ್ಳೆ ಮಗ್ಗದಲ್ಲಿ, ನಮ್ಮತ್ತೆ ಸಾಯೋಗಂಟ ಒಂದ್ ಕಡ್ಲೇಕಾಳ್ ಬಾಯ್ಗಾಕಗೊಡ್ಲಿಲ್ಲ ನಮ್ಮನೆ ಕುಣೀಲಿ. ಗೊತ್ತು, ಅಪ್ಪನೂ ಅಷ್ಟೆ, ಎಷ್ಟೇ ಹಸಿದರೂ ಮೇಲೆ ಬಂದು ಕಾಲು ತೊಳೆದು ಉಣ್ಣುತ್ತಿದ್ದ, ಹಾಸಿನ ಮೇಲಿಂದ ಕಂಡಿಕೆ ದಾಟಬಹುದು, ಅನ್ನ ದಾಟಬಾರದು. ದೂರದಲ್ಲಿ ಹಾರನ್ನು, ಹನೂರು ಬಸ್ಸು, ಕಾಮಗೆರೆಯ ಕಡೆ ತಿರುಗುವಾಗ ಅದು ಎರಡು ಸಲ ಕೂಗುತ್ತದೆ, ಕೂಗಿತು, ಹೋಯಿತು, ದೊಡ್ಡಮಾದಪ್ಪನ ತೊಡೆಯ ಮೇಲೆ ಈಗ ಅಂಗಡಿಯ ಸೀರೆಯ ಕಟ್ಟು, ಇರಲಿ, ಅವನ ಮಗಳು ಚೆನ್ನಾಗಿರಲಿ, ಎಳೆ ಎಳೆ, ಇನ್ನೊಂದು, ಜರಿ ಮುಗಿಯಿತು, ಇಗೋ ನೀಲಿ, ಹಿಡಿದೆ, ಹಾಸಿನಿಂದ ಅದು ಬರುತ್ತಿದೆ, ಉದ್ದಕ್ಕೆ, ಮೆಲ್ಲಗೆ, ರತ್ನನ ಬೆರಳಿನ ಬಣ್ಣ ನನ್ನ ಬೆರಳಿಗೆ ಸುತ್ತುತ್ತಿದೆ, ಒಂದು ಚೂರೂ ಬಿಟ್ಟಿಲ್ಲ, ಅದು ಇದ್ದ ಜಾಗದಲ್ಲಿ ಪಕ್ಕದ ಕೆಂಪು ಕೆಂಪಾಗಿಯೇ ಇದೆ, ನೋಡಿದೆಯಾ ರತ್ನ, ಕಚ್ಚಿಲ್ಲ, ನೀನು ಹೇಳಿದ ಹಾಗೇ, ಹಸಿರು ಕೊಡು ಚಿಕ್ಕತಾಯಿ, ಈ ಸಲ ನೋಡಿ ತುಂಬುತ್ತೇನೆ, ಕೈ ಚಾಚಿದೆ, ತಲೆ ಎತ್ತದೆ, ಬಳೆಯ ಸದ್ದಿಗೆ ಕಾದೆ. ಬಳೆಯಿಲ್ಲ. ಚಪ್ಪಲಿ ಹೊರಗೇ ಬಿಟ್ಟ ಬರಿಗಾಲಿನ ಸದ್ದು, ಮಳೆಯ ವಾಸನೆ, ಒದ್ದೆ ಛತ್ರಿ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮುತ್ತುಗದ ಎಲೆ. ಬಸ್ಸಿನಲ್ಲಿ ತಿನ್ನಲು ದೊಡ್ಡಮಾದಪ್ಪನ ಹೆಂಡತಿ ಕಟ್ಟಿದ ಬುತ್ತಿ, ಬಸ್ಸು ಹೋಯಿತು, ಅವನು ಹೋಗಿಲ್ಲ. ಚಿಕ್ಕತಾಯಮ್ಮ ಬಾಯಿ ತೆರೆದಳು, ಮುಚ್ಚಿದಳು, ರೊಟ್ಟಿಯ ಚೂರು ಬೀಳದ ಹಾಗೆ ತನ್ನ ಸೆರಗನ್ನು ಎಳೆದು ನೇಯ್ದ ಬಟ್ಟೆಯ ಮೇಲೆ ಹೊದಿಸಿದಳು, ಹನೂರಿನ ಆ ಒರಟು ಕೈ, ಮಣಿಕಟ್ಟಿನ ಬೆಳ್ಳಿ ಕಡಗವನ್ನು ಮೊಳಕೈವರೆಗೆ ದೂಡಿಕೊಂಡು, ಒಂದು ಎಳೆಗೂ ತಗುಲದ ಹಾಗೆ, ಕೆಂಪು ಹಾಸಿನ ಮೇಲೆ, ಎಲೆಯ ಪೊಟ್ಟಣ ಹಿಡಿದ ಆ ಕೈ.