ಕೊಡಬಹುದು

"ನೀತಿ ಬೇರೆ, ಕಾರ್ಯವಿಧಾನ ಬೇರೆ, ಮಾರ್ಗಸೂಚಿ ಬೇರೆ. ಮೂರನ್ನೂ ಕಲಸ್ಬೇಡಿ," ಎಂದರು ಉಪಕುಲಸಚಿವರು, ಕನ್ನಡಕದ ಗಾಜು ಒರೆಸುತ್ತ.

ಅವಳು ಬಂದದ್ದು ತನ್ನ ಕೆಲಸಕ್ಕಲ್ಲ, ಗೆಳತಿಯ ಸಲುವಾಗಿ. ಸಸ್ಯಶಾಸ್ತ್ರ ವಿಭಾಗದಲ್ಲಿ ಇಬ್ಬರೂ ಒಟ್ಟಿಗೆ ಪಿಎಚ್‌.ಡಿ.ಗೆ ಸೇರಿದವರು, ಹೆಚ್ಚುಕಡಿಮೆ ಒಟ್ಟಿಗೇ ಹೆತ್ತವರು. ಬಾಣಂತನದಲ್ಲಿ ಕಳೆದುಹೋದ ಕಾಲಕ್ಕೆ ಬದಲಾಗಿ ಒಂದು ವರ್ಷ ಹೆಚ್ಚಿಗೆ ಕೊಡಿ ಎಂದು ಅರ್ಜಿಯನ್ನೂ ಒಟ್ಟಿಗೇ ಹಾಕಿದ್ದರು. ಅವಳಿಗೆ ಸಿಕ್ಕಿತು. ಗೆಳತಿಗೆ ಇಲ್ಲವೆಂದರು, ನೋಂದಣಿಯೂ ರದ್ದಾಯಿತು.

"ನಂಗೆ ಕೊಟ್ಟಿದ್ದೀರಲ್ಲ ಸರ್, ಅವ್ಳಿಗ್ಯಾಕಿಲ್ಲ?"

"ನೋಡಿ, ಐದು ವರ್ಷದೊಳಗೆ ಮುಗಿಸ್ಬೇಕು ಅನ್ನೋದು ನೀತಿ. ಎಲ್ರಿಗೂ ಒಂದೇ, ನನ್ನ ಮಗಳಾದ್ರೂ ಅಷ್ಟೇ. ಅರ್ಜಿ ಎಲ್ಲಿ ಕೊಡ್ಬೇಕು, ಯಾರ ಸಹಿ ಬೇಕು, ಅದು ಕಾರ್ಯವಿಧಾನ. ಅದನ್ನ ನೀವಿಬ್ರೂ ಸರಿಯಾಗೇ ಮಾಡಿದ್ದೀರಿ. ತಾಯಂದಿರಿಗೆ ಇನ್ನೊಂದು ವರ್ಷ ಅನ್ನೋದು ಬರೀ ಮಾರ್ಗಸೂಚಿ. 'ಕೊಡಬಹುದು' ಅಂತಿದೆ, 'ಕೊಡತಕ್ಕದ್ದು' ಅಂತಿಲ್ಲ."

"ಯಾರಿಗೆ ಕೊಡ್ಬಹುದು ಅಂತ ನೋಡೋರು ಯಾರು?"

"ಸಮಿತಿ." ಅವರು ಕನ್ನಡಕ ಹಾಕಿಕೊಂಡು ನಕ್ಕರು. "ನಿಮ್ಮ ಸೋದರಮಾವ ಇದ್ದಾರಲ್ಲ ಅದ್ರಲ್ಲಿ. ಬಹಳ ಒಳ್ಳೆ ಮನುಷ್ಯ."

ಅವಳ ಕಿವಿ ಬಿಸಿಯಾಯಿತು. ಮಾವನ ಹತ್ತಿರ ಅವಳು ಒಂದು ಮಾತೂ ಆಡಿರಲಿಲ್ಲ. ಅಮ್ಮ ಆಡಿರಬೇಕು. ತಮ್ಮನ ಕಿವಿಗೆ ಹಾಕದೆ ಅಮ್ಮ ಯಾವ ಕೆಲಸ ತಾನೇ ಮಾಡಿದ್ದಾಳೆ?

"ಇದು ಅನ್ಯಾಯ ಸರ್. ನಾನು ಬರೆದು ಕೊಡ್ತೀನಿ."

"ಧಾರಾಳವಾಗಿ ಕೊಡಿ." ಬಿಳಿ ಹಾಳೆಯೊಂದನ್ನು ಅವರೇ ಮುಂದೆ ಸರಿಸಿದರು. "ಇಬ್ಬರದ್ದೂ ಒಂದೇ ಥರದ ಅರ್ಜಿ, ತೀರ್ಮಾನ ಮಾತ್ರ ಬೇರೆ ಅಂತ ತಾನೆ? ನಿಜಾನೇ. ಸರಿ ಮಾಡೋಣ. ನಿಮಗೆ ಕೊಟ್ಟಿದ್ದನ್ನೂ ವಾಪಸ್ ತಗೊಂಡ್ರೆ ಸಮ ಆಗೋಯ್ತು. ಅದಕ್ಕೇನೂ ಅಡ್ಡಿ ಇಲ್ಲ."

ದನಿಯಲ್ಲಿ ಗದರಿಕೆ ಇರಲಿಲ್ಲ. ಕಾಫಿ ತಗೋತೀರಾ ಎಂದು ಕೇಳಿದಷ್ಟು ಮೆತ್ತಗಿತ್ತು.

ಅವಳು ಪೆನ್ನು ತೆಗೆದು 'ಮಾನ್ಯರೇ' ಎಂದು ಬರೆದಳು. ಪ್ರಬಂಧದಲ್ಲಿ ಕೊನೆಯ ಅಧ್ಯಾಯ ಬಾಕಿ. ಮನೆಯಲ್ಲಿ ಅತ್ತೆ ಮೊನ್ನೆಯಷ್ಟೇ ಹೇಳಿದ್ದರು, ಇದೊಂದು ವರ್ಷ ಮಗು ನೋಡ್ಕೋತೀನಮ್ಮ, ಆಮೇಲೆ ನನ್ನ ಕೈಲಾಗಲ್ಲ ಅಂತ. ಹಾಳೆಯ ತುದಿ ಫ್ಯಾನಿನ ಗಾಳಿಗೆ ಏಳುತ್ತ ಬೀಳುತ್ತ ಇತ್ತು. ಉಪಕುಲಸಚಿವರು ಬೇರೆ ಕಡತ ಬಿಡಿಸಿ ಓದತೊಡಗಿದರು.

"ಯೋಚನೆ ಮಾಡಿ ಬರ್ತೀನಿ ಸರ್," ಎಂದಳು.

"ಅವಸರ ಇಲ್ಲ," ಎಂದರು ಅವರು, ತಲೆ ಎತ್ತದೆ.

ಪ್ರಯೋಗಾಲಯದಲ್ಲಿ ಗೆಳತಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಏನಂದ್ರೇ?"

"ಮಾರ್ಗಸೂಚಿ ಅಂತೆ ಕಣೇ. ಏನೂ ಮಾಡೋಕಾಗಲ್ವಂತೆ."

"ಜಗಳ ಆಡಿದ್ಯಾ?"

"ಹ್ಞೂಂ."

"ಗೊತ್ತಿತ್ತು ನಂಗೆ. ನೀನು ಬಿಡೋಳಲ್ಲ." ಗೆಳತಿಯ ಕಣ್ಣು ತುಂಬಿತು. ಸೀರೆಯ ಸೆರಗಿನಿಂದ ಒತ್ತಿಕೊಂಡು, ಗೋಡೆಯ ಕಪಾಟಿನತ್ತ ನಡೆದಳು. "ನಿನ್ನ ಬೀಜದ ಡಬ್ಬಿ ಎಲ್ಲಾ ಮೇಲಿನ ಹಲಗೇಲೇ ಇವೆಯಲ್ಲೇ. ನಾಳೆಯಿಂದ ಯಾರು ತೆಗೆದುಕೊಡ್ತಾರೆ ನಿಂಗೆ, ಕುಳ್ಳಿ? ಬಾ, ಕೆಳಗಿಟ್ಟು ಹೋಗ್ತೀನಿ."

ತುದಿಗಾಲಲ್ಲಿ ನಿಂತು ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಧೂಳು ಒರೆಸಿ ಕೊಡತೊಡಗಿದಳು. ಅವಳು ಪಕ್ಕದಲ್ಲಿ ನಿಂತು, ಎರಡೂ ಕೈ ಚಾಚಿ, ಇಸಿದುಕೊಳ್ಳುತ್ತ ಹೋದಳು.