ನಸೀರಾ ಬಂದಾಳೇನ್ರಿ?

ಧಾರವಾಡದ ನಮ್ಮ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳಲು ಜನ ಏನೇನು ಸರ್ಕಸ್ಸು ಮಾಡುತ್ತಿದ್ದರೆಂಬುದನ್ನು ನಾನು ಕಣ್ಣಾರೆ ಕಂಡವಳು. ಗದಗಿನಿಂದ, ಕಾರವಾರದಿಂದ ಅಪ್ಪಂದಿರು ಮಕ್ಕಳನ್ನು ಕರೆತಂದು ಜೂನ್ ತಿಂಗಳಿಡೀ ಪ್ರಿನ್ಸಿಪಾಲರ ಕೋಣೆಯ ಮುಂದೆ ಚಪ್ಪಲಿ ಕಳಚಿಟ್ಟು ನಿಂತಿರುತ್ತಿದ್ದರು. ಅಂಥ ಕಾಲೇಜನ್ನು ಬಿಟ್ಟು ಹೋಗುತ್ತೇನೆಂದು ಅರ್ಜಿ ಕೊಟ್ಟವಳು ನನ್ನ ಗೆಳತಿ ನಸೀರಾ ಒಬ್ಬಳೇ. ಅದೂ ಬಿ.ಎಸ್ಸಿ. ಮೊದಲ ವರ್ಷದಲ್ಲಿ ರಸಾಯನಶಾಸ್ತ್ರಕ್ಕೆ ಇಡೀ ತರಗತಿಗೇ ಹೆಚ್ಚು ಅಂಕ ತೆಗೆದ ಹುಡುಗಿ. ಕಚೇರಿಯ ಗುಮಾಸ್ತ ಅರ್ಜಿಯನ್ನು ಮತ್ತೆ ಮತ್ತೆ ಓದಿ, "ಇದೇನವಾ ತಂಗಿ, ಸವಣೂರಿಂದ ಇಲ್ಲಿಗೆ ಬರಾಕ ಮಂದಿ ಅಳ್ತಾರ. ನೀ ಇಲ್ಲಿಂದ ಅಲ್ಲಿಗೆ ಹೊಂಟಿಯಲ್ಲ!" ಎಂದ.

"ಹೌದ್ರಿ," ಎಂದಳು ನಸೀರಾ.

ಅವಳ ಕೆನ್ನೆಗೆ ಒಂದು ಬಿಡಬೇಕೆನ್ನುವಷ್ಟು ಸಿಟ್ಟು ನನಗೆ ಬಂದಿತ್ತು.

ನಾನು ಫಕ್ಕೀರವ್ವ. ಹಿರೇಕೆರೂರಿನ ಕನ್ನಡ ಶಾಲೆಯ ಮಾಸ್ತರ ಮೈಲಾರಲಿಂಗಪ್ಪನವರ ಮಗಳು. ಹಾಸ್ಟೆಲಿಗೆ ಬಂದ ಮೊದಲ ದಿನ ಮೈಸೂರು ಕಡೆಯ ವಾರ್ಡನ್ ಬಾಯಿಯವರು ನನ್ನ ಹೆಸರು ಕೇಳಿ ನಾನೂ ಮುಸಲ್ಮಾನರವಳೆಂದು ತಿಳಿದು ನಸೀರಾಳ ಕೋಣೆಗೆ ಹಾಕಿದರು. ನಮ್ಮ ಕಡೆ ಓಣಿಗೊಬ್ಬ ಫಕ್ಕೀರಪ್ಪ, ಮನೆಗೊಬ್ಬಳು ಫಕ್ಕೀರವ್ವ ಇರುತ್ತಾರೆಂದು ಪಾಪ ಅವರಿಗೇನು ಗೊತ್ತು! ಗೊತ್ತಾದ ಮೇಲೆ ಕೋಣೆ ಬದಲಿಸಲು ಬಂದರು. ನಾವಿಬ್ಬರೂ ಒಪ್ಪಲಿಲ್ಲ. ಪಿ.ಯು.ಸಿ. ಮತ್ತು ಬಿ.ಎಸ್ಸಿ. ಮೊದಲ ವರ್ಷವನ್ನು ನಾವು ಒಂದೇ ಕೋಣೆಯಲ್ಲಿ ಕಳೆದೆವು.

ಅವಳಿಗೆ ಈ ಬುದ್ಧಿ ಬಂದದ್ದು ಅರವತ್ಮೂರನೆಯ ಇಸವಿಯ ಬೇಸಿಗೆಯಲ್ಲಿ. ರಜೆಗೆಂದು ನಾನು ಸವಣೂರಿನ ಅವಳ ಮನೆಗೆ ಹೋಗಿದ್ದೆ. ಆ ವರ್ಷ ಊರಲ್ಲಿ ಹೊಸ ಕಾಲೇಜು ಶುರುವಾಗಲಿತ್ತು. ಲಕ್ಷ್ಮಪ್ಪ ವಕೀಲರು ಕೋರ್ಟು ಕಚೇರಿ ಮರೆತು ಹಳ್ಳಿ ಹಳ್ಳಿ ತಿರುಗಿ ಎಬ್ಬಿಸಿದ ಕಾಲೇಜು ಅದು. ಪಿ.ಯು.ಸಿ., ಬಿ.ಎ. ಮೊದಲ ವರ್ಷ, ಸದ್ಯಕ್ಕೆ ಇಷ್ಟೇ. ಹುಡುಗರು ಮುಗಿಬಿದ್ದು ಹೆಸರು ಹಚ್ಚಿದರು. ಹುಡುಗಿಯರಲ್ಲಿ ಒಬ್ಬಳೂ ಇಲ್ಲ. ಮೆಟ್ರಿಕ್ ಪಾಸಾದ ಹುಡುಗಿಯರು ಊರಲ್ಲಿ ಇದ್ದರು, ಆದರೆ ಅಷ್ಟೊಂದು ಗಂಡುಹುಡುಗರ ನಡುವೆ ಮೊದಲು ಯಾರ ಮಗಳು ಕೂರಬೇಕು? ಎಲ್ಲರ ಕಣ್ಣೂ ಆಗಲೇ ಕಾಲೇಜು ಕಲಿಯುತ್ತಿದ್ದ ನಸೀರಾಳ ಮೇಲೆ ಬಿತ್ತು.

ಅವಳ ಅಪ್ಪ ಫಕ್ರುಸಾಬರು ಎಲೆಬಳ್ಳಿಯ ತೋಟದವರು. ಮಗಳನ್ನು ಧಾರವಾಡಕ್ಕೆ ಕಳಿಸಿದಾಗ ಅರಿವೆ ಅಂಗಡಿಯ ದಿಲಾವರ ಸಾಹೇಬರು ಮಸೀದಿಯ ಮುಂದೆ ನಾಲ್ಕು ಜನ ಕೇಳುವಂತೆ, "ಮಗಳಿಗೆ ಊರು ಬಿಡಿಸಿದ್ರಿ, ಇನ್ನ ಮಾನಾನೂ ಬಿಟ್ಟಬಿಡ್ರಿ" ಎಂದಿದ್ದರಂತೆ. ಅದೇ ದಿಲಾವರ ಸಾಹೇಬರು ಈಗ ಹೆಂಡತಿ ಮತ್ತು ಮಗಳು ಮುನವ್ವರಾಳನ್ನು ಕರೆದುಕೊಂಡು, ಲಕ್ಷ್ಮಪ್ಪ ವಕೀಲರನ್ನು ಮುಂದೆ ಮಾಡಿಕೊಂಡು ಫಕ್ರುಸಾಬರ ಪಡಸಾಲೆಯಲ್ಲಿ ಬಂದು ಕೂತರು.

"ನಿಮ್ಮ ಹುಡುಗಿ ಇಲ್ಲಿ ಕುಂತ್ರ ನಮ್ಮ ಹುಡುಗೀನೂ ಕಳಸ್ತೇನ್ರಿ," ಎಂದರು. "ಬ್ಯಾರೆ ಮನಿಯವ್ರೂ ಹಂಗ ಅನ್ನಾಕತ್ತಾರ."

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ನೀವ ಮೊದಲ ಕಳಸ್ರೆಲಾ, ಬ್ಯಾಡಂದವ್ರ ಯಾರು?"

"ಮೊದಲ ಅಂದ್ರ ಹೆಂಗವಾ? ಮಂದಿ ಏನಂದಾರು?"

ಮಂದಿ ಎಂದರೆ ಇವರೇ. ಬೇರೆಯವರ ಮಗಳ ಬಗ್ಗೆ ಅನ್ನುವವರೂ ಇವರೇ, ತಮ್ಮ ಮಗಳ ಸರದಿ ಬಂದಾಗ ಹೆದರುವವರೂ ಇವರೇ. ಫಕ್ರುಸಾಬರು ಎದ್ದು ಬಾಗಿಲು ತೋರಿಸುತ್ತಾರೆಂದು ನಾನು ಕಾದೆ. ಆದರೆ ತಮ್ಮನ್ನು ಆಡಿಕೊಂಡವರೇ ಹೆಣ್ಣುಮಕ್ಕಳನ್ನು ಓದಿಸುತ್ತೇವೆಂದು ಮನೆಗೆ ಬಂದಾಗ ಆ ಮನುಷ್ಯನಿಗೆ ಏನನಿಸಿತೋ, "ನಸೀರಾನ್ನ ಕೇಳ್ರಿ" ಎಂದಷ್ಟೇ ಹೇಳಿದರು.

ಲಕ್ಷ್ಮಪ್ಪ ವಕೀಲರು ನಸೀರಾಳ ಕಡೆ ತಿರುಗಿ, "ಬರೂ ಜೂನಿಗೆ ಬಿ.ಎಸ್ಸಿ. ತರ್ತೇನಿ ನೋಡವಾ. ಒಂದ ವರ್ಷ ಬಿ.ಎ.ದಾಗ ಕುಂದ್ರು. ಆಮ್ಯಾಲ ನಿನ್ನ ಕೆಮಿಸ್ಟ್ರಿ ನಿನಗ" ಎಂದರು. ಅವರು ಸುಳ್ಳು ಹೇಳಲಿಲ್ಲ. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಅವರೇ ನಂಬಿದ್ದರು.

ನಾವಿಬ್ಬರೂ ಒಳಗೆ ಹೋದಾಗ ನಸೀರಾಳ ತಾಯಿ ರಮಜಾನಬಿ ಚಾಚಿ ಚಹಾ ಮಾಡುತ್ತಿದ್ದಳು. ಮುನವ್ವರಾ ಅಲ್ಲಿಗೆ ಬಂದು ನಸೀರಾಳ ಪಕ್ಕ ಕೂತಳು. ಮೆಟ್ರಿಕ್ಕಿನಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗಿ, ನೋಡಿದರೆ ಇನ್ನೂ ಕುಂಟಾಬಿಲ್ಲೆ ಆಡುವವಳಂತಿದ್ದಳು. "ಅಕ್ಕಾ, ನೀವು ಬರ್ಲಿಲ್ಲಂದ್ರ ಮೊಹರಂ ಆದ ಮ್ಯಾಲ ನನ್ನ ನಿಕಾ ಮಾಡ್ತಾರ್ರಿ," ಎಂದಳು. ಅಳಲೂ ಇಲ್ಲ. ಅತ್ತಿದ್ದರೆ ನಾನು ಗದರಿಸಿ ಕಳಿಸುತ್ತಿದ್ದೆ.

ಧಾರವಾಡದಲ್ಲಿ ಅರ್ಜಿ ಕೊಟ್ಟು ಹೊರಗೆ ಬಂದ ಮೇಲೆ ನಾನು ನಸೀರಾಳನ್ನು ಸುಮ್ಮನೆ ಬಿಡಲಿಲ್ಲ. "ಅಲ್ಲಿ ಬಿ.ಎಸ್ಸಿ. ಬಂದ್ರೂ ಮೊದಲ್ನೇ ವರ್ಷದ್ದ ಬರೂದು. ಪಾಸಾಗಿದ್ದನ್ನ ಮತ್ತ ಕಲೀತಿ ಏನ?"

"ಗೊತ್ತಿದ್ದದ್ದನ್ನ ಕಲಿಯೂದು ಹಗುರ ಅಲ್ಲೇನ," ಎಂದು ನಕ್ಕಳು. ವರ್ಗಾವಣೆಯ ಪತ್ರ ಒಂದೇ ದಿನದಲ್ಲಿ ಕೈಗೆ ಬಂತು. ಬಿಟ್ಟು ಹೋಗುವವರನ್ನು ಯಾರೂ ಕಾಯಿಸುವುದಿಲ್ಲ.

ಆ ವರ್ಷ ದೀಪಾವಳಿ ಸೂಟಿಯಲ್ಲಿ ಮತ್ತೆ ಸವಣೂರಿಗೆ ಹೋದೆ. ನಸೀರಾ ಬಿ.ಎ. ತರಗತಿಯಲ್ಲಿ ಕೂತು ಯುದ್ಧಗಳ ತಾರೀಖು ಬಾಯಿಪಾಠ ಮಾಡುತ್ತಿದ್ದಳು. ಅದರ ಬಗ್ಗೆ ಕೇಳಿದರೆ ಮಾತು ಮರೆಸುತ್ತಿದ್ದಳು. ನನ್ನನ್ನು ಪಿ.ಯು.ಸಿ.ಯವರ ಪ್ರಯೋಗಶಾಲೆಗೆ ಕರೆದುಕೊಂಡು ಹೋದಳು. ಒಂದು ಕೋಣೆ, ಉದ್ದನೆಯ ಎರಡು ಮೇಜು, ನಳ ಇತ್ತು ನೀರು ಇರಲಿಲ್ಲ. ಕೊಡದಲ್ಲಿ ನೀರು ತಂದಿಟ್ಟುಕೊಂಡು ಮುನವ್ವರಾ ಮತ್ತು ಅವಳ ಜೊತೆಯ ಹುಡುಗಿಯರಿಗೆ ಲವಣಗಳ ಪರೀಕ್ಷೆ ಮಾಡುವುದನ್ನು ನಸೀರಾ ಸಂಜೆ ಹೊತ್ತು ಹೇಳಿಕೊಡುತ್ತಿದ್ದಳು. ಪ್ರನಾಳದ ತಳದಲ್ಲಿ ಹಳದಿ ಬಣ್ಣ ಇಳಿದಾಗ ಹುಡುಗಿಯರು ಕೇಕೆ ಹಾಕಿದರು. ನಸೀರಾಳ ಮುಖ ಅರಳಿದ್ದನ್ನು ಆ ಸಲ ನಾನು ಅಲ್ಲೊಂದೇ ಕಡೆ ನೋಡಿದೆ.

ಮುಂದಿನ ಜೂನ್ ಬಂತು, ಬಿ.ಎಸ್ಸಿ. ಬರಲಿಲ್ಲ. ಕಟ್ಟಡ ಸಾಲದೆಂದು ತಪಾಸಣೆಗೆ ಬಂದವರು ಬರೆದು ಹೋದರಂತೆ. ಲಕ್ಷ್ಮಪ್ಪ ವಕೀಲರು ನಸೀರಾಳ ಮನೆಗೆ ಬಂದು ನೀರು ಕುಡಿದು ಎದ್ದು ಹೋದರಂತೆ. ಪಿ.ಯು.ಸಿ.ಯಲ್ಲೂ ಫಸ್ಟ್ ಕ್ಲಾಸ್ ಬಂದ ಮುನವ್ವರಾಳನ್ನು ಮಾತ್ರ ದಿಲಾವರ ಸಾಹೇಬರು ಈಗ ಧಾರವಾಡಕ್ಕೇ ಕಳಿಸಲು ತಯಾರು! "ಫಕ್ರುಸಾಬರ ಮಗಳು ಅಲ್ಲಿ ಇದ್ದು ಬಂದಾಳ, ಏನಾತು?" ಎಂದು ಊರಿಗೆಲ್ಲ ಹೇಳುತ್ತಿದ್ದರಂತೆ. ಒಂದೇ ಷರತ್ತು, ಹೆಸರು ಹಚ್ಚಿಸಿ ಹಾಸ್ಟೆಲಿನಲ್ಲಿ ಬಿಟ್ಟು ಬರಲು ನಸೀರಾ ಜೊತೆಗೆ ಹೋಗಬೇಕು.

ನಸೀರಾ ಕರೆತಂದಳು. ಯಾವ ಮೇಜಿಗೆ ಬೆಳಕು ಚೆನ್ನಾಗಿ ಬೀಳುತ್ತದೆ, ಯಾವ ತಕ್ಕಡಿ ಮೋಸ ಮಾಡುತ್ತದೆ ಎಂದು ನಮ್ಮ ಪ್ರಯೋಗಶಾಲೆಯಲ್ಲಿ ಆ ಹುಡುಗಿಗೆ ತೋರಿಸುತ್ತಾ ಓಡಾಡಿದಳು. ನನ್ನ ಪಿತ್ತ ನೆತ್ತಿಗೇರಿತು. ಅವಳ ರಟ್ಟೆ ಹಿಡಿದು ಸೀದಾ ಪ್ರಿನ್ಸಿಪಾಲರ ಕೋಣೆಗೆ ಎಳೆದುಕೊಂಡು ಹೋದೆ.

ಪ್ರಿನ್ಸಿಪಾಲರು ಅವಳನ್ನು ಮರೆತಿರಲಿಲ್ಲ. "ಮೊದಲ್ನೇ ವರ್ಷ ಇಲ್ಲೇ ಪಾಸಾಗೀದಿ. ಎರಡನೇದಕ್ಕ ತಗೋತೇನಿ. ಒಂದ ಜಾಗಾ ಅದ," ಎಂದರು. "ಸೋಮವಾರ ಸಂಜೀ ಒಳಗ ಅಲ್ಲಿಂದ ವರ್ಗಾವಣೆ ಪತ್ರ ತಂದಕೊಡು. ಮಂಗಳವಾರ ಅಂದ್ರ ನನ್ನ ಕೈಯಾಗಿಲ್ಲ. ಹೊರಗ ನಿಂತವ್ರನ್ನ ನೋಡೀಯಲ್ಲ?"

ಮುನವ್ವರಾಳನ್ನು ಹಾಸ್ಟೆಲಿನ ನನ್ನ ಕೋಣೆಯಲ್ಲಿ ಬಿಟ್ಟು ಭಾನುವಾರ ನಾವಿಬ್ಬರೂ ಸವಣೂರಿಗೆ ಹೊರಟೆವು. ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವವರೆಗೂ ನಸೀರಾ ಒಂದೇ ಸಮನೆ ಮಾತಾಡಿದಳು. ಒಂದು ವರ್ಷ ಬಾಯಿ ಬಿಗಿದುಕೊಂಡಿದ್ದವಳು. ಮನೆಯಲ್ಲಿ ಸುದ್ದಿ ಕೇಳಿ ಫಕ್ರುಸಾಬರು, "ಹೋಗು ಬೇಟಿ. ಇನ್ನ ಯಾರ ಬಂದು ಕೇಳಿದ್ರೂ ನಾ ಬಾಗಲಾ ತಗಿಯೂದಿಲ್ಲ" ಎಂದರು. ಚಾಚಿ ಆಗಲೇ ಟ್ರಂಕು ತುಂಬತೊಡಗಿದ್ದಳು.

ಸೋಮವಾರ ಮುಂಜಾನೆ ನಾವು ಕಾಲೇಜಿಗೆ ಹೋದೆವು. ಪತ್ರ ತೆಗೆದುಕೊಂಡು ಹನ್ನೊಂದರ ಬಸ್ಸು ಹತ್ತಬೇಕು, ಅಷ್ಟೇ ಕೆಲಸ. ಅವತ್ತು ಆ ಕಾಲೇಜು ಹೊಸ ವರ್ಷಕ್ಕೆ ಬಾಗಿಲು ತೆರೆಯುವ ದಿನ ಎಂಬುದು ನಮ್ಮಿಬ್ಬರ ತಲೆಯಲ್ಲೂ ಇರಲಿಲ್ಲ.

ಗೇಟಿನ ಹೊರಗೆ ಅಪ್ಪಂದಿರು ನಿಂತಿದ್ದರು. ಕೆಲವರು ಸೈಕಲ್ ಹಿಡಿದುಕೊಂಡು, ಹುಲಗೂರಿನ ಕಡೆಯವರೊಬ್ಬರು ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಪಕ್ಕದಲ್ಲಿ ಹೊಸ ಸೀರೆಯಲ್ಲಿ ಮುದುರಿಕೊಂಡ ಹುಡುಗಿಯರು, ಹೋದ ವರ್ಷಕ್ಕಿಂತ ಹೆಚ್ಚೇ ಇದ್ದರು. ಒಬ್ಬಳೂ ಗೇಟು ದಾಟಿರಲಿಲ್ಲ. ಚಂದ್ರಪ್ಪ ಎಂಬ ರೈತರು ಸಿಪಾಯಿಯನ್ನು ಕೇಳುತ್ತಿದ್ದದ್ದು ನಮಗೆ ದೂರದಿಂದಲೇ ಕೇಳಿಸಿತು.

"ನಸೀರಾ ಬಂದಾಳೇನ್ರಿ?"

ಸಿಪಾಯಿ ನಮ್ಮ ಕಡೆ ಕೈ ತೋರಿಸಿದ. "ಅಗೋ, ಬಂದ್ಲಲ್ಲ!"

ಎಲ್ಲರೂ ತಿರುಗಿದರು. ಚಂದ್ರಪ್ಪ ಮಗಳು ದುರಗವ್ವಳ ಕೈ ಹಿಡಿದು ತಂದು ನಸೀರಾಳ ಕೈಯಲ್ಲಿ ಇಟ್ಟರು. "ನಿನ್ನ ಉಡ್ಯಾಗ ಹಾಕೇನಿ ನೋಡು ತಂಗಿ. ನೀ ಅದೀ ಅಂತ ಧೈರ್ಯಾ ಮಾಡೇನಿ."

"ಅಲ್ರೀ, ಆಕಿ ಇವತ್ತ..." ಎಂದು ನಾನು ಶುರು ಮಾಡಿದೆ. ಕೇಳುವ ಪುರುಸೊತ್ತು ಯಾರಿಗಿತ್ತು? ಕಣ್ಣಾರೆ ನೋಡಿಯಾಯಿತು, ಸಮಾಧಾನವಾಯಿತು, ಸೈಕಲ್ಲುಗಳು ತಿರುಗಿದವು, ಚಕ್ಕಡಿ ಹೊರಟಿತು. ಹುಡುಗಿಯರು ನಸೀರಾಳ ಹಿಂದೆ ಹಿಂದೆ ಒಳಗೆ ಬಂದರು.

ಹಿಂದಿನ ದಿನವೇ ಫಕ್ರುಸಾಬರು ಸುದ್ದಿ ಮುಟ್ಟಿಸಿದ್ದರಿಂದ ಕಚೇರಿಯಲ್ಲಿ ಲಕ್ಷ್ಮಪ್ಪ ವಕೀಲರು ಪತ್ರವನ್ನು ಬರೆಸಿ ಸಹಿ ಮಾಡಿಸಿ ಇಟ್ಟಿದ್ದರು. "ತಗೋವಾ. ನನ್ನ ಮಾತು ನಾ ನಡಸ್ಲಿಲ್ಲ. ನಿನ್ನ ತಡಿಯಾಕ ನನಗ ಮುಖ ಇಲ್ಲ," ಎಂದರು. ದುರಗವ್ವ ನಸೀರಾಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಗಂಟೆ ಹೊಡೆಯಿತು.

"ಇವರನ್ನ ಕೂಡ್ರಿಸಿ ಬರ್ತೇನ್ರಿ," ಎಂದು ನಸೀರಾ ಹೋದಳು.

ನಾನು ಪಿ.ಯು.ಸಿ. ತರಗತಿಯ ಕಿಟಕಿಯ ಹೊರಗೆ ನಿಂತೆ. ಹುಡುಗಿಯರು ಮುಂದಿನ ಬೆಂಚಿನಲ್ಲಿ ಕೂತು ನಡುವೆ ಒಬ್ಬರಿಗೆ ಜಾಗ ಬಿಟ್ಟಿದ್ದರು. ಹಿಂದಿನ ಹುಡುಗರಲ್ಲಿ ಯಾವನೋ ಸಿಳ್ಳೆ ಹಾಕಿದ. ನಸೀರಾ ತಿರುಗಿ ನೋಡಿದಳು, ಸಿಳ್ಳೆ ನಿಂತಿತು. ಆಮೇಲೆ ಅವಳು ಆ ಜಾಗದಲ್ಲಿ ಕೂತಳು. ಅದು ಅವಳ ತರಗತಿಯಲ್ಲ, ಹೊಸ ಹುಡುಗಿಯರ ಅಂಜಿಕೆ ಬಿಡಿಸಲಿಕ್ಕೆ ಐದು ನಿಮಿಷ ಕೂತಿದ್ದಾಳೆಂದುಕೊಂಡೆ. ಪಾಠ ಶುರುವಾಯಿತು. ನಾನು ಕೈ ಮಾಡಿದೆ, ಬಸ್ಸು ಬಸ್ಸು ಎಂದು ಬಾಯಿ ಆಡಿಸಿದೆ. ಅವಳು ನನ್ನನ್ನು ನೋಡಿದಳು, ಏಳಲಿಲ್ಲ. ಹನ್ನೊಂದರ ಬಸ್ಸಿನ ಹಾರ್ನು ಪೇಟೆಯ ಕಡೆಯಿಂದ ಕೇಳಿಸಿತು.

ಲಕ್ಷ್ಮಪ್ಪ ವಕೀಲರು ಪತ್ರ ಹಿಡಿದುಕೊಂಡು ವರಾಂಡಕ್ಕೆ ಬಂದರು. "ಇದನ್ನೇನ ಮಾಡ್ಲಿ ತಂಗಿ?" ಎಂದು ನನ್ನನ್ನು ಕೇಳಿದರು. ಅಷ್ಟು ದೊಡ್ಡ ಮನುಷ್ಯ, ನನ್ನನ್ನು ಕೇಳಿದರು.

ಮಧ್ಯಾಹ್ನ ನಸೀರಾ ಹೊರಗೆ ಬಂದಾಗ ನಾನು ಅವಳ ಮೇಲೆ ಹರಿಹಾಯ್ದೆ. "ಇನ್ನೂ ಒಂದು ಬಸ್ಸೈತಿ. ಓಡಿದ್ರ ಸಂಜಿಗೆ ಮುಟ್ತೇವಿ. ಹೇಳಿ ಬಾ ಅವರಿಗೆ!"

"ನಾ ಹೋದ್ರ ನಾಳೆ ಅವರ ಅಪ್ಪಂದಿರು ಬಿಡಿಸಿ ಕರಕೊಂಡು ಹೋಗ್ತಾರ."

"ಹೋಗ್ಲಿ! ನಿನ್ನ ಗತಿ?"

ಅವಳು ನನ್ನ ಹೆಗಲಿಗೆ ಹಣೆ ಹಚ್ಚಿ ಅತ್ತುಬಿಟ್ಟಳು. "ನನಗ ಹೋಗಬೇಕು ಫಕ್ಕೀ. ಭಾಳ ಹೋಗಬೇಕು ಅನಸಾಕತ್ತೈತಿ. ಕಾಲ ಏಳವಲ್ವು." ವರಾಂಡದ ಆ ತುದಿಯಲ್ಲಿ ದುರಗವ್ವ ಬುತ್ತಿ ಬಿಚ್ಚದೆ ಇವಳಿಗಾಗಿ ಕಾಯುತ್ತಾ ನಿಂತಿದ್ದಳು. ನಸೀರಾ ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತ ಹೋದಳು.

ಸಂಜೆ ಕಳೆದ ಮೇಲೆ ನಾನು ಒಬ್ಬಳೇ ಧಾರವಾಡಕ್ಕೆ ಬಂದೆ. ಮುನವ್ವರಾ ಕೋಣೆಯ ಬಾಗಿಲಲ್ಲೇ ಕಾದಿದ್ದಳು. ನನ್ನ ಹಿಂದೆ ಇಣುಕಿದಳು. "ಅಕ್ಕ ಬರ್ಲಿಲ್ಲೇನ್ರಿ?"

"ಇಲ್ಲ. ಆಕಿ ಎದ್ದ ಬಂದ್ರ ಅಲ್ಲಿ ಉಳದವ್ರನ್ನ ಬಿಡಸ್ತಾರಂತ."

ಹುಡುಗಿಗೆ ಎಲ್ಲ ತಿಳಿಯಿತು. "ಹಂಗಾರ ನಾ ಹೊಳ್ಳಿ ಹೋಗ್ಲೇನ್ರಿ? ನಾ ಅಲ್ಲಿ ಬಿ.ಎ.ದಾಗ ಕುಂತ್ರ ಅಕ್ಕ ಬರಬಹುದಲ್ರಿ?" ಎಂದಳು.

ಅಕ್ಕನ ಜಾಗ ಅಷ್ಟೊತ್ತಿಗೆ ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಂತ ಯಾರದೋ ಪಾಲಾಗಿತ್ತು. "ಹೋಗಿ ನೋಡು, ಕಾಲು ಮುರೀತೇನಿ!" ಎಂದು ನಾನು ಚೀರಿದ್ದು ಇಡೀ ಹಾಸ್ಟೆಲಿಗೆ ಕೇಳಿಸಿರಬೇಕು. ಮುನವ್ವರಾ ಅಳತೊಡಗಿದಳು. ಬಯ್ಯುವುದನ್ನು ಬಿಟ್ಟು ನಾನೂ ಅವಳ ಪಕ್ಕ ಕೂತು ಅತ್ತೆ.