ಗಡಿ ದಾಟಿ ಬಂದ ಔಷಧಿ ಚೀಟಿ

ನನ್ನ ಭಾವ ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ತಮ್ಮ ಮಾತ್ರೆಗಳನ್ನು ಮಾತ್ರ ಮನೆಯಲ್ಲೇ ಮರೆತು ಗಡಿ ದಾಟಿ ನಮ್ಮ ದೇಶಕ್ಕೆ ಬಂದುಬಿಟ್ಟಿದ್ದರು. ಬೆಳಗಿನದು ಆಗಲೇ ತಪ್ಪಿತ್ತು. ಸಂಜೆಯದೂ ತಪ್ಪಿದರೆ ಮತ್ತೆ ಮೂರ್ಛೆ ಬರುತ್ತದೆಂದು ಅಕ್ಕ ನನ್ನ ಔಷಧಿ ಅಂಗಡಿಯ ಕೌಂಟರಿಗೆ ಅಂಟಿಕೊಂಡು ನಿಂತಿದ್ದಳು.

“ಯಾವ ಮಾತ್ರೆ ಭಾವ?”

“ಬಿಳೀದಮ್ಮ. ದುಂಡಗಿರುತ್ತೆ.”

“ಇಲ್ಲಿರೋದೆಲ್ಲ ಬಿಳೀದೇ, ದುಂಡಗೇ!” ಸಿಟ್ಟು ನೆತ್ತಿಗೇರಿತು.

ತಲೆ ಕೆರೆದುಕೊಂಡು ಅವರು ಹೇಳಿದ ಹೆಸರಿನ ಮಾತ್ರೆ ನಮ್ಮಲ್ಲಿ ಮಾರುವುದೇ ಇಲ್ಲ. ಅಲ್ಲಿನ ವೈದ್ಯರು ಫೋನ್ ಎತ್ತಲಿಲ್ಲ. ಉಳಿದದ್ದು ಹೊಸ ವ್ಯವಸ್ಥೆಯೊಂದೇ. ಅಲ್ಲಿಯ ಚೀಟಿ ಇಲ್ಲಿಯ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯುವಂತೆ ಎರಡು ಸರ್ಕಾರಗಳೂ ಸೇರಿ ಮಾಡಿದ್ದು. ಅದರ ತರಬೇತಿಯಲ್ಲಿ ನಾನು ಆಕಳಿಸಿದ್ದೇ ಹೆಚ್ಚು. ಒಂದೇ ದೇಶದ ಎರಡು ಕಚೇರಿಗಳು ಮಾತಾಡಿಕೊಳ್ಳುವುದಿಲ್ಲ, ಇನ್ನು ಎರಡು ದೇಶಗಳಂತೆ!

ಭಾವನ ಗುರುತಿನ ಸಂಖ್ಯೆ ಹಾಕಿದೆ. ‘ಅನುಮತಿ ನಿರಾಕರಿಸಲಾಗಿದೆ’ ಎಂದಿತು ಪರದೆ. ಮತ್ತೆ ಹಾಕಿದೆ. ಮತ್ತೆ ಅದೇ ರಾಗ.

“ಹಾಳಾಗಿ ಹೋಗ್ಲಿ” ಎಂದು, ಮೂರ್ಛೆಗೆ ನಮ್ಮಲ್ಲಿ ಹೆಚ್ಚು ಹೋಗುವ ಮಾತ್ರೆಯನ್ನೇ ಒಂದು ಹೊತ್ತಿಗೆ ಕೊಡೋಣವೆಂದು ಸ್ಟ್ರಿಪ್ ತೆಗೆದೆ.

ಅಕ್ಕ ಭಾವನ ಫೋನಿನೊಳಕ್ಕೆ ಇಣುಕಿದಳು. “ರೀ, ಏನು ಒತ್ತುತಿದೀರಿ?”

“ಬೇಡ ಅಂತ! ಫೋನಲ್ಲಿ ಯಾರು ಏನು ಕೇಳಿದ್ರೂ ಬೇಡ ಅನ್ಬೇಕು. ಬ್ಯಾಂಕಲ್ಲಿ ಇಡೀ ಸರ್ವಿಸು ಜನಕ್ಕೆ ಅದನ್ನೇ ಹೇಳಿದೀನಿ.”

“ಅಯ್ಯೋ ನಿಮ್ಮ! ಕೇಳ್ತಿರೋದು ನಿಮ್ಮ ಸರ್ಕಾರ. ಚೀಟಿ ಇವಳಿಗೆ ತೋರಿಸ್ಲಾ ಅಂತ!”

ಭಾವ ಗೊಣಗುತ್ತ ಒಪ್ಪಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ತುಂಬಿತು. ನಾನು ಎಂದೂ ಕಾಣದ ವೈದ್ಯರೊಬ್ಬರು, ನನಗೆ ಓದಲು ಬಾರದ ಲಿಪಿಯಲ್ಲಿ ಬರೆದದ್ದೆಲ್ಲ ನನ್ನ ಭಾಷೆಯಲ್ಲಿತ್ತು. ಮಾತ್ರೆಯೊಳಗಿನ ಔಷಧ ಯಾವುದು, ಪ್ರಮಾಣವೆಷ್ಟು, ಅದೇ ಔಷಧ ನಮ್ಮಲ್ಲಿ ಯಾವ ಹೆಸರಿನಲ್ಲಿ ಸಿಗುತ್ತದೆ, ಎಲ್ಲವೂ. ಭಾವ ಸಾಲಿನಲ್ಲಿ ನಿಂತು, ಪಾಸ್‌ಪೋರ್ಟ್ ತೋರಿಸಿ ದಾಟಿದ ಗಡಿಯನ್ನು ಆ ವೈದ್ಯರ ಕಾಳಜಿ ಕೂತಲ್ಲಿಂದಲೇ ದಾಟಿತ್ತು.

ಕೊನೆಯಲ್ಲಿ ಕೆಂಪಕ್ಷರದ ಎಚ್ಚರಿಕೆಯೊಂದಿತ್ತು. ಒಂದು ಔಷಧದ ಹೆಸರು, ಅದರ ಮುಂದೆ: ‘ಹಿಂದೆ ಕೊಟ್ಟಾಗ ಮೈಚರ್ಮ ಸುಲಿದು ಪ್ರಾಣಕ್ಕೆ ಕುತ್ತು ಬಂದಿತ್ತು. ಎಂದಿಗೂ ಕೊಡಬಾರದು.’

ನನ್ನ ಕೈಯಲ್ಲಿದ್ದದ್ದು ಅದೇ ಮಾತ್ರೆ.

“ಸಿಕ್ತಾ?” ಎಂದಳು ಅಕ್ಕ.

“ಸಿಕ್ತು.” ಕೈಯಲ್ಲಿದ್ದುದನ್ನು ಕೆಳಗಿಟ್ಟು ಸರಿಯಾದದ್ದನ್ನು ತಂದುಕೊಟ್ಟೆ. ಭಾವ ಗುಟುಕು ನೀರಿನೊಡನೆ ನುಂಗಿದರು.

“ಒಂದು ಮಾತ್ರೆಗೆ ಎಷ್ಟೊಂದು ರಾದ್ಧಾಂತ!” ಎಂದರು.

ಅವರನ್ನು ಬೈಯಲೆಂದು ಬಾಯಿ ತೆರೆದೆ. ಅಳು ಬಂದುಬಿಟ್ಟಿತು.